ತಾಹೇರಾಳ ಹಸಿರು ಗಾಜು

ರೇಷ್ಮೆ ನೂಲು ಬಿಚ್ಚುವ ಹೆಂಗಸರ ವಯಸ್ಸನ್ನು ಮುಖ ನೋಡಿ ಹೇಳಬಾರದು, ಕೈ ನೋಡಿ ಹೇಳಬೇಕು. ರಾಮನಗರದ ತಾಹೇರಾಳ ಮುಖಕ್ಕೆ ಐವತ್ತೆರಡಾಗಿದ್ದರೆ ಅವಳ ಕೈಗೆ ಎಂಬತ್ತು ದಾಟಿತ್ತು. ಮೂವತ್ತು ವರ್ಷ ಕುದಿಯುವ ಬೇಸಿನ್ನಿನೊಳಗೆ ಗೂಡು ತಿರುವಿ, ಕೂದಲಿಗಿಂತ ಸಣ್ಣ ಎಳೆಯ ತುದಿಯನ್ನು ಹುಡುಕಿ ಹುಡುಕಿ, ಬೆರಳುಗಳು ಬೆಂದು ಬಿಳಿಚಿದ್ದವು. ಬಿಸಿ ಯಾವುದು, ತಣ್ಣಗಿರುವುದು ಯಾವುದು ಎಂದು ಒಡತಿಗೆ ತಿಳಿಸುವುದನ್ನೂ ಅವು ಎಂದೋ ಬಿಟ್ಟಿದ್ದವು.

ಈ ಸಲ ಬೆರಳ ಸಂದಿಯ ಬಿರುಕು ಮಾಯಲಿಲ್ಲ. ಚರ್ಮದ ಡಾಕ್ಟರು ಎರಡೂ ಅಂಗೈ ತಿರುವಿ ನೋಡಿದರು. "ಬೇಸಿನ್ ಕೆಲಸ ಬಿಟ್ಟರೆ ಮನೆಯ ತಣ್ಣೀರು ಮುಟ್ಟಬಹುದಮ್ಮ. ಬಿಡೋದಿಲ್ಲ ಅಂದ್ರೆ ಮಿಕ್ಕ ಹೊತ್ತಲ್ಲಿ ಒಂದು ಹನಿ ನೀರೂ ಸೋಕಿಸಬೇಡಿ," ಎಂದರು.

ಮಿಕ್ಕ ಹೊತ್ತಿನ ನೀರೆಂದರೆ ತಾಹೇರಾಗೆ ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆಯುವ ನೀರು. ದಿನಕ್ಕೆ ಐದು ಸಲ.

"ಕಾಯಿಲೆಯೋರು ನೀರಿನ ಬದ್ಲು ಮಣ್ಣು ಮುಟ್ಟಿ ಸವರಿಕೊಂಡ್ರೆ ಸಾಕು ಅಂತ ಅಲ್ಲಾಹನೇ ಸಡಿಲ ಕೊಟ್ಟವ್ನಲ್ಲ ಅಮ್ಮೀ," ಎಂದಳು ಮಗಳು ಕೆಹಕಶಾನ್. "ನೀನ್ಯಾಕೆ ಅವನಿಗಿಂತ ಬಿಗಿ ಹಿಡೀತೀಯ?"

"ಆ ಸಡಿಲ ಕೈಲಾಗದೋರಿಗೆ ಕಣೇ. ಯಜಮಾನ್ರ ಗೂಡಿಗಾದ್ರೆ ದಿನವೆಲ್ಲ ನೀರಲ್ಲಿ ಕೈ ಇಡೋಕಾಗ್ತೈತೆ, ಅವನ ಮುಂದೆ ನಿಲ್ಲೋಕೆ ಮಾತ್ರ ಮಣ್ಣು ಅಂದ್ರೆ ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಹಾಗಾದರೆ ಬೇಸಿನ್ನೇ ಹೋಗಬೇಕು. ಆದರೆ ತಾಹೇರಾಗೆ ಬೇರೆ ಕೆಲಸ ಯಾವುದು ಗೊತ್ತಿತ್ತು?

ಅಷ್ಟರಲ್ಲಿ ಹಾರೋಹಳ್ಳಿಯಲ್ಲಿ ಬಣ್ಣದ ಗಾಜಿನ ಕಿಟಕಿ ಮಾಡುವವರು ರಾಮನಗರದಲ್ಲೊಂದು ಹಾಲ್ ಹಿಡಿದು, ಹೊಸಬರಿಗೆ ಹತ್ತು ದಿನದ ತರಗತಿ ಇಟ್ಟರು. ಕಡೇ ದಿನ ಕಾರ್ಖಾನೆಯ ಮಾಲೀಕ ಅಶೋಕ್ ಬಂದು, ಎಲ್ಲರ ಚೌಕಟ್ಟು ನೋಡಿ, ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂಬುದು ಮಾತು. ತಾಹೇರಾ ಬೇಸಿನ್ನಿಗೆ ಹತ್ತು ದಿನ ರಜೆ ಹೇಳಿ, ಬಿಸ್ಮಿಲ್ಲಾ ಎಂದು ಹೋಗಿ ಬೆಂಚಿನ ಮೇಲೆ ಕೂತಳು. ಕೂತ ಕೂಡಲೇ ನಿದ್ದೆ ಬಂತು. ಅಷ್ಟು ದಿನದ ದಣಿವು ಬೆಂಚು ಸಿಕ್ಕಿದ್ದೇ ಸಾಕೆಂದು ಮೈಮೇಲೆ ಬಂದಿತ್ತು.

ಕಲಿಯಲು ಬಂದವರು ಏಳು ಮಂದಿ. ಪಕ್ಕದಲ್ಲಿ ಕೂತವರು ಚನ್ನಪಟ್ಟಣದ ಮುನಿಶಾಮಯ್ಯ, ನಲವತ್ತು ವರ್ಷ ಬೊಂಬೆ ಕಡೆದು ಬಲಹೆಗಲು ಸೋತವರು. ಕಲಿಸುವವಳು ಕನಕಪುರದ ಸೌಮ್ಯಶ್ರೀ, ಅವರಿಬ್ಬರ ಮಕ್ಕಳಿಗಿಂತ ಚಿಕ್ಕವಳು.

"ಗಾಜಿನ ಮೇಲೆ ಕಟರ್ ಒಂದೇ ಸಲ ಎಳೀಬೇಕು," ಎಂದು ಸೌಮ್ಯಶ್ರೀ ಎಳೆದು ತೋರಿಸಿದಳು. ಕರ್ರ್ ಎಂದಿತು. ಗೀರಿನ ಎರಡು ಬದಿ ಹಿಡಿದು ಮಣಿಸಿದರೆ ಗಾಜು ಗೀರಿನಗುಂಟ ಬಿಟ್ಟುಕೊಂಡಿತು. "ಎರಡನೇ ಸಲ ಎಳೆದರೆ ಅದು ತನಗೆ ಬೇಕಾದ ಕಡೆ ಒಡೆಯುತ್ತೆ."

ಮುನಿಶಾಮಯ್ಯ ಎಳೆದರು. ತೃಪ್ತಿಯಾಗದೆ ಮತ್ತೆ ಎಳೆದರು. ಮೂರನೇ ಸಲಕ್ಕೆ ಗಾಜು ನಾಲ್ಕು ಚೂರಾಯಿತು.

"ಅಯ್ಯಾ, ಒಂದೇ ಸಲ ಅಂದ್ನಲ್ಲ."

"ಕೈ ನಿಲ್ಲಾಕಿಲ್ಲ ಮೇಡಮ್. ಮರ ಆಗಿದ್ರೆ ಇಷ್ಟೊತ್ಗೆ ರಾಜ ರಾಣಿ ಇಬ್ರೂ ಎದ್ದು ಕುಂತಿರೋರು."

ತಾಹೇರಾಳ ಗೀರು ನೇರವಾಗಿಯೇ ಬಂತು. ಆದರೆ ಸ್ವಲ್ಪ ಹೊತ್ತಿಗೆ ಮುನಿಶಾಮಯ್ಯ ಮೊಣಕೈಯಿಂದ ತಟ್ಟಿದರು. "ತಾಯಿ, ಒಸಿ ನೋಡ್ಕೋ. ನಿನ್ನ ಹಳದಿ ಗಾಜು ಕೆಂಪಾಗೈತೆ." ಬೆರಳು ಕೊಯ್ದುಕೊಂಡಿದ್ದು ಅವಳಿಗೆ ತಿಳಿದೇ ಇರಲಿಲ್ಲ. ಸೌಮ್ಯಶ್ರೀ ಪಟ್ಟಿ ಸುತ್ತುತ್ತಾ, "ನೋವಾಗ್ಲಿಲ್ವಾ ಆಂಟಿ?" ಎಂದಳು. "ಆಗಿರ್ತೈತೆ ಬಿಡಮ್ಮ," ಎಂದಳು ತಾಹೇರಾ.

ಐದನೇ ದಿನ ತಾಮ್ರದ ಟೇಪು ಬಂತು. ಕತ್ತರಿಸಿದ ಪ್ರತಿ ಗಾಜಿನ ಅಂಚಿಗೂ ಅದನ್ನು ಸುತ್ತಬೇಕು. ಎರಡೂ ಮಗ್ಗುಲಿಗೆ ಸಮನಾಗಿ ಮಡಿಚಬೇಕು. ಆಮೇಲೆ ಆ ತಾಮ್ರದ ಮೇಲೆ ಬೆಸುಗೆ ಹಾಕಿ ತುಂಡುಗಳನ್ನು ಕೂಡಿಸುವುದು. ಎಲ್ಲರ ಟೇಪೂ ಮೂಲೆಗಳಲ್ಲಿ ಹರಿಯಿತು. ತಾಹೇರಾಳದು ಹರಿಯಲಿಲ್ಲ. ಅವಳು ಗಾಜಿನ ಕಡೆ ಸರಿಯಾಗಿ ನೋಡುತ್ತಲೂ ಇರಲಿಲ್ಲ. ಎಳೆ ಎಲ್ಲಿ ಬಿಗಿಯಾಯಿತು, ಎಲ್ಲಿ ಸಡಿಲ ಬಿಡಬೇಕು ಎಂಬುದು ಅವಳ ಮಣಿಕಟ್ಟಿಗೆ ಗೊತ್ತಿತ್ತು.

ಕಡೇ ದಿನಕ್ಕೆ ಅವಳ ಚೌಕಟ್ಟಿನಲ್ಲಿ ಒಂದು ಹೂವು, ಮೂರು ಎಲೆ, ಒಟ್ಟು ಹನ್ನೊಂದು ಗಾಜು. ಹತ್ತಕ್ಕೆ ಬೆಸುಗೆ ಮುಗಿದಿತ್ತು. ಕೊನೆಯ ಹಸಿರೆಲೆಯ ಸುತ್ತ ಬೆಸುಗೆ ಹರಿಸಿ, ಕಾದ ಬೆಸುಗೆ ಕಡ್ಡಿ ಕೆಳಗಿಟ್ಟು, ಚೌಕಟ್ಟನ್ನು ಕೈಗೆತ್ತಿಕೊಂಡಳು. ಬಿಸಿಯಿತ್ತು. ಬೆರಳಿಗೆ ತಿಳಿಯದಿದ್ದರೂ ಅಂಗೈಗೆ ತಿಳಿಯಿತು.

ಬೇಸಿನ್ನಿನ ಮುಂದೆ ಕೂರುವವರ ಎಡಗಡೆ ಯಾವಾಗಲೂ ತಣ್ಣೀರಿನ ಬಟ್ಟಲೊಂದು ಇರುತ್ತದೆ. ಕುದಿನೀರಿನಿಂದ ಎದ್ದ ಕೈ ಯಾರ ಅಪ್ಪಣೆಗೂ ಕಾಯದೆ ಅದರೊಳಗೆ ಅದ್ದಿಕೊಂಡು ಬರುತ್ತದೆ. ಇಲ್ಲಿಯೂ ಅವಳ ಎಡಕ್ಕೆ, ಬೆಸುಗೆ ಕಡ್ಡಿ ಒರೆಸುವ ಸ್ಪಂಜಿಗೆಂದು ನೀರಿಟ್ಟ ಬಟ್ಟಲಿತ್ತು. ಕೈ ಹೋಯಿತು, ಕೈಯ ಜೊತೆ ಚೌಕಟ್ಟೂ ಹೋಯಿತು. ಮೂಲೆ ಮುಳುಗಿದ್ದೇ ಟಿಕ್ ಎಂದಿತು.

ಹಸಿರೆಲೆ ಉದ್ದಕ್ಕೆ ಸೀಳಿತ್ತು.

ತಾಹೇರಾ ಅಳಲಿಲ್ಲ. ಅಳಲು ಒಂದಿಷ್ಟು ತ್ರಾಣ ಬೇಕಲ್ಲ. ಚೌಕಟ್ಟನ್ನು ಮೇಜಿನ ಮೇಲಿಟ್ಟು ನೋಡುತ್ತಾ ಕೂತಳು. ನಾಳೆ ಬೆಳಿಗ್ಗೆ ಮತ್ತೆ ಬೇಸಿನ್ನು, ಹಬೆ, ಹುಳುವಿನ ವಾಸನೆ. ಸೌಮ್ಯಶ್ರೀ ಆಗ ಅಶೋಕರನ್ನು ಕರೆತರಲು ಬಾಗಿಲಿಗೆ ಹೋಗಿದ್ದಳು.

ಮುನಿಶಾಮಯ್ಯ ಬಗ್ಗಿ ನೋಡಿದರು. "ಬಿರುಕಿನ ಮ್ಯಾಲೆ ಸಣ್ಣಗೆ ಟೇಪು ಅಂಟಿಸಿ ಬೆಸುಗೆ ಎಳೆದ್ಬುಡು ತಾಯಿ. ಎಲೆಗೆ ನರ ಇರಾಕಿಲ್ವಾ? ಯಾರು ಕೇಳ್ತಾರೆ?"

"ನಿಮ್ಮದು ಮುಗೀತಾ ಯಜಮಾನ್ರೇ?"

"ನಂದಾ? ನಂದು ನೋಡಿದ್ರೆ ಅಶೋಕಪ್ಪ ಕಾರ್ಖಾನೆ ಬಾಗ್ಲು ಹಾಕ್ಕೊಂಡು ಹೋಯ್ತಾನೆ. ನೀನು ಬೇಗ ಎಳಿ."

ಅವಳು ಎಳೆದಳು. ಹಿಂದೊಂದು, ಮುಂದೊಂದು ಟೇಪು, ಅದರ ಮೇಲೆ ತೆಳ್ಳನೆಯ ಬೆಸುಗೆ. ಬಿರುಕು ಕಾಣದಾಯಿತು.

ಅಶೋಕ್ ಒಂದೊಂದೇ ಚೌಕಟ್ಟನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ಬಂದರು. ತಾಹೇರಾಳದರ ಹತ್ತಿರ ನಿಂತುಬಿಟ್ಟರು.

"ಮೇಡಮ್ ಕೊಟ್ಟ ನಕ್ಷೆಯಲ್ಲಿ ಎಲೆಗೆ ನರ ಇಲ್ಲ. ನೀವೇ ಹಾಕಿದ್ದಾ ಅಮ್ಮ? ಚೆನ್ನಾಗಿದೆ. ಇಂಥ ಯೋಚನೆ ಇರೋರೇ ನಮಗೆ ಬೇಕು. ಬೆಸುಗೆ ಮೇಜಿಗೆ ಸೋಮವಾರದಿಂದ ಬರ್ತೀರಾ?"

ಮುನಿಶಾಮಯ್ಯ ಚಾವಣಿ ನೋಡತೊಡಗಿದರು. ತಾಹೇರಾ ಬಾಯಿ ತೆರೆದು ಹ್ಞೂಂ ಅಂದರೆ ಮುಗಿಯುತ್ತಿತ್ತು. ಆದರೆ ನಮಾಜಿನ ನೀರಿನ ಮರ್ಯಾದೆ ಉಳಿಸಿಕೊಳ್ಳಲೆಂದು ಮನೆಯಿಂದ ಹೊರಟವಳು ಸುಳ್ಳಿನ ಕೈ ತೊಳೆದು ಅಲ್ಲಾಹನ ಮುಂದೆ ಹೇಗೆ ನಿಲ್ಲುವುದು?

"ನರ ಅಲ್ಲಪ್ಪ, ಅದು ಬಿರುಕು," ಎಂದಳು. "ಬಿಸಿ ಗಾಜನ್ನ ನೀರಿಗೆ ಅದ್ದಿಬಿಟ್ಟೆ. ನೂಲು ಬಿಚ್ಚೋ ಕೈ, ತಣ್ಣೀರು ಕಂಡ್ರೆ ತಾನೇ ಹೋಗ್ತೈತೆ."

ಸೌಮ್ಯಶ್ರೀಯ ಮುಖ ಸಣ್ಣದಾಯಿತು. ಅಶೋಕ್ ಚೌಕಟ್ಟನ್ನು ಕೆಳಗಿಳಿಸಿದರು.

"ಇನ್ನೊಂದು ಸಲ ಆಗದ ಹಾಗೆ ನೋಡ್ಕೊಳ್ತೀರಾ?"

"ನೋಡ್ಕೊಳ್ತೀನಿ ಅನ್ನಬಹುದು. ಆದ್ರೂ ಆಗ್ತೈತೆ. ತಲೆಗೆ ಹತ್ತು ದಿನದ ಪಾಠ, ಕೈಗೆ ಮೂವತ್ತು ವರ್ಷದ್ದು."

ಹೊರಗೆ ಬಸ್ಸೊಂದು ಹಾರನ್ ಹೊಡೆಯುತ್ತಾ ಹೋಯಿತು. ಅಶೋಕ್ ಚೌಕಟ್ಟನ್ನು ಮತ್ತೆ ಎತ್ತಿ, ಹಿಂದುಮುಂದು ತಿರುಗಿಸಿ, ಅಂಚುಗಳ ಮೇಲೆ ಉಗುರು ಎಳೆದರು. ಆಮೇಲೆ ಚೀಲದಿಂದ ಒಂದು ಗಾಜಿನ ಚೂರು ತೆಗೆದರು. ಒಳಕ್ಕೆ ಬಾಗಿದ, ಕುಡುಗೋಲಿನಂಥ ಚೂರು. "ಇದಕ್ಕೆ ಟೇಪು ಸುತ್ತಿ ನೋಡೋಣ."

ತಾಹೇರಾ ಕೈಯ ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟಳು. ಟೇಪಿನ ತುದಿ ಹುಡುಕಿ ಬಿಡಿಸಿ, ಗಾಜನ್ನು ನಿಧಾನವಾಗಿ ತಿರುಗಿಸತೊಡಗಿದಳು. ಒಳಬಾಗಿನಲ್ಲಿ ಎಲ್ಲರ ಟೇಪೂ ಹರಿಯುವ ಜಾಗ ಬಂತು. ಅಲ್ಲಿ ಅವಳು ಉಸಿರು ಬಿಟ್ಟಳು, ಟೇಪನ್ನೂ ಅಷ್ಟೇ ಸಡಿಲ ಬಿಟ್ಟಳು. ಅದು ಹರಿಯದೆ ಬಾಗಿ ಕೂತಿತು.

ಅಶೋಕ್ ಅದನ್ನು ಎರಡು ಸಲ ನೋಡಿದರು. "ಬೆಸುಗೆ ಬೇಡ. ಟೇಪಿನ ಮೇಜಿಗೆ ಬನ್ನಿ. ಅದು ಬೇರೆ ಕೋಣೆ, ಅಲ್ಲಿ ಬೆಂಕಿಯೂ ಇಲ್ಲ, ನೀರೂ ಇಲ್ಲ."

ತಾಹೇರಾ ತಲೆಯಾಡಿಸಿದಳು. ಬಿಚ್ಚಿಟ್ಟಿದ್ದ ಪಟ್ಟಿಯನ್ನು ಎತ್ತಿ ಬೆರಳಿಗೆ ಮತ್ತೆ ಸುತ್ತಿಕೊಂಡಳು. ಮೆಲ್ಲಗೆ ಅಲ್‌ಹಮ್ದುಲಿಲ್ಲಾ ಎಂದಳು.

ಮುನಿಶಾಮಯ್ಯ ತಮ್ಮ ಚೂರುಗಳನ್ನು ಪೇಪರಿಗೆ ಸುತ್ತುತ್ತಿದ್ದರು. "ನೀನು ಕೆಲ್ಸಕ್ಕೆ ಒಪ್ಕೊಂಡೆ, ಸರಿ. ಹಾರೋಹಳ್ಳಿಗೆ ಕನಕಪುರದಲ್ಲಿ ಇಳಿದು ಬಸ್ಸು ಬದಲಾಯಿಸ್ಬೇಕು ತಾಯಿ. ಬೆಳಿಗ್ಗೆ ಹೊತ್ತು ಸೀಟು ಸಿಕ್ಕಾಕಿಲ್ಲ."

"ಕೈ ಒಣಗಿರ್ತಾವಲ್ಲ ಯಜಮಾನ್ರೇ," ಎಂದಳು ತಾಹೇರಾ, "ಕಂಬಿ ಹಿಡ್ಕೊಂಡು ನಿಂತೇ ಹೋಗ್ತೀನಿ."