ಬೀಗ ತೆಗೆಯದೆ ಕೂಡಿದ ಲೆಕ್ಕ

೧
ಎಲ್ಲಿಂದ ಶುರು ಮಾಡಲಿ? ಗೂಢಲಿಪಿ ಎಂದು ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ೨೦೦೮ರಲ್ಲಿ, ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ, ಸೂಪರ್‌ವೈಸರ್ ಒಬ್ಬ ಹೆಂಗಸರ ಮೈಮೇಲೆ ಕೈ ಹಾಕುತ್ತಿದ್ದ ಎಂದರೆ ಓದುತ್ತೀರಿ. (ನಾನೂ ನಿಮ್ಮಂಥ ಓದುಗನೇ, ಬೇಜಾರು ಬೇಡ.)

೨
ಮೊದಲ ಡ್ರಾಫ್ಟಿನಲ್ಲಿ, ಅಲ್ಲಿ ಹೊಲಿಯುವ ಮುತ್ತವ್ವ ಎದ್ದು ಅವನ ಕೆನ್ನೆಗೆ ಬಾರಿಸಿದಳು. ವಾಕ್ಯ ಮುಗಿಯುವ ಮೊದಲೇ ನನ್ನನ್ನು ಗದರಿದಳು.

"ಹೊಡೀಲಿಕ್ಕೆ ನನಗೂ ಬರತೈತ್ರೀ. ಮರುದಿನ ಕೆಲಸ ಕೊಡೋರು ಯಾರು, ನೀವೇನು? ಮೊದಲ ನಾ ಒಬ್ಬಾಕೀನೋ, ಎಲ್ಲಾರಿಗೂ ಹಿಂಗ ಆಗೇತೋ, ಅದು ಗೊತ್ತಾಗ್ಬೇಕು. ಹೆಸರು ಹೊರಗ ಬೀಳತೈತಿ ಅಂತ ಯಾರೂ ಬಾಯಿ ಬಿಡಂಗಿಲ್ಲ."

ಡ್ರಾಫ್ಟ್ ಹರಿದೆ.

೩
ಆದ್ದರಿಂದ ಅನುವನ್ನು ಕರೆತರುತ್ತೇನೆ. ಬಾಪೂಜಿ ನಗರದಲ್ಲಿ ಮುತ್ತವ್ವನ ಮನೆಯ ಮಹಡಿಯಲ್ಲಿರುವ ಇಂಜಿನಿಯರಿಂಗ್ ಹುಡುಗಿ. ಕೊನೇ ವರ್ಷದ ಪ್ರಾಜೆಕ್ಟಿಗೆ ಅವಳು ಗೂಢಲಿಪಿಯ ಒಂದು ಪ್ರೋಗ್ರಾಂ ಬರೆದಿದ್ದಾಳೆ.

"ಆಂಟಿ, ಆಗಿದೆ ಅಂದ್ರೆ ಒಂದು ಒತ್ತಿ, ಇಲ್ಲ ಅಂದ್ರೆ ಸೊನ್ನೆ. ಒತ್ತಿದ ತಕ್ಷಣ ಅದಕ್ಕೆ ಬೀಗ ಬೀಳುತ್ತೆ. ಕಂಪ್ಯೂಟರ್ ಆ ಬೀಗ ತೆಗೀದೇನೇ ಎಲ್ಲಾ ಕೂಡುತ್ತೆ. ಕೊನೇಲಿ ಒಟ್ಟು ಮಾತ್ರ ಬಿಚ್ಚಿ ನೋಡ್ತೀವಿ."

"ಬೀಗ ತೆಗೀದ ಹೆಂಗ ಎಣಸ್ತೈತವ್ವಾ?"

"ಬಾಯಿ ಹೊಲಿದ ಚೀಲಗಳನ್ನ ಒಟ್ಟಿಗೆ ತೂಗಿದ ಹಾಗೆ. ತೂಕ ಸಿಗುತ್ತೆ, ಯಾವುದರಲ್ಲಿ ಏನಿದೆ ಅಂತ ಗೊತ್ತಾಗಲ್ಲ."

(ಮುತ್ತವ್ವನಿಗೆ ಅರ್ಥವಾಯಿತು. ನಾನು ತಲೆಯಾಡಿಸಿದೆ.)

೪
ಭಾನುವಾರ ಮುತ್ತವ್ವನ ಹೊಲಿಗೆ ಲೈನಿನ ಹನ್ನೆರಡು ಹೆಂಗಸರೂ ಒಬ್ಬೊಬ್ಬರಾಗಿ ಮಹಡಿ ಹತ್ತಿ, ಒತ್ತಿ, ಇಳಿದರು. ಪರದೆಯ ಮೇಲೆ ಒಟ್ಟು ಬಂತು: ಹದಿಮೂರು.

ಅನುವಿನ ಮುಖ ಇಳಿಯಿತು. "ಹನ್ನೆರಡು ಜನಕ್ಕೆ ಹದಿಮೂರಾ? ಪ್ರೋಗ್ರಾಂ ತಪ್ಪಿದೆ ಆಂಟಿ."

ಮುತ್ತವ್ವ ಕಣ್ಣೊರೆಸಿಕೊಂಡು ನಕ್ಕಳು. "ತಪ್ಪಿಲ್ಲವ್ವಾ. ಲೈನ್ಯಾಗ ಒಬ್ಬಾಕಿ ಬರಲಿಲ್ಲಂದ್ರ ಆಕಿ ಪೀಸೂ ಬಾಜೂದಾಕಿನ ಹೊಲೀತಾಳ. ಹೋದ ತಿಂಗಳ ಸೀತಾ ಅಳಕೋತ ಕೆಲಸ ಬಿಟ್ಲಲ್ಲ, ಆಕಿದೂ ಸೇರಿಸಿ ಯಾರೋ ಎರಡು ಒತ್ತ್ಯಾರ."

ಎರಡು ಒತ್ತಿದರೆ ತಡೆಯಬೇಕೆಂದು ಅನುವಿಗೆ ಹೊಳೆದಿರಲಿಲ್ಲ. ದೇವರು ದೊಡ್ಡವನು, ಹೊಳೆಯಲಿಲ್ಲ.

೫
ಸೋಮವಾರ ಹನ್ನೆರಡು ಮಿಶನ್ ನಿಂತವು. ಹನ್ನೆರಡು ಮಂದಿ ಮ್ಯಾನೇಜರ್ ಕೋಣೆಗೆ ನುಗ್ಗಿದರು.

"ಕಂಪ್ಲೇಂಟ್ ಯಾರದಮ್ಮ?"

"ಎಲ್ಲಾರದೂ ರೀ."

ಊಟದ ಗಂಟೆಗೆ ಮುಂಚೆ ಸೂಪರ್‌ವೈಸರ್ ತನ್ನ ಬ್ಯಾಗ್ ಹಿಡಿದು ಗೇಟು ದಾಟಿದ. ಬರೆಯುತ್ತಲೇ ಎದ್ದು ಕುಣಿಯುವಷ್ಟು ಖುಷಿ ನನಗೆ. (ಇಷ್ಟು ಸಲೀಸಾಗಿ ಗೆಲ್ಲುತ್ತಾರಾ ಎಂದು ವಿಮರ್ಶಕರು ಕೇಳುತ್ತಾರೆ. ಕೇಳಲಿ. ಸೋತ ಕಥೆಗಳು ಬೇಕಾದಷ್ಟಿವೆ, ಅವನ್ನು ಓದಿಕೊಳ್ಳಲಿ.)

೬
ಅಂತ್ಯ ಒಂದು: ಅನುವಿನ ಪ್ರಾಜೆಕ್ಟಿಗೆ ಬಹುಮಾನ. ಸಪ್ಪೆ, ಬಿಟ್ಟೆ.

ಅಂತ್ಯ ಎರಡು: ಸೀತಾ ಕೆಲಸಕ್ಕೆ ಮರಳುತ್ತಾಳೆ. ಇದನ್ನು ಬರೆಯಲು ಕೂತೆ. ಬಂದವಳು ಲೈನಿನ ಮುಂದೆ ನಿಂತು ಕೇಳಿಯೇಬಿಟ್ಟಳು, "ನನ್ನ ಲೆಕ್ಕ ಹಾಕಿದೋರು ಯಾರು?"

ಹನ್ನೆರಡೂ ಮಂದಿ ಹೊಲಿಗೆಗೆ ಬಗ್ಗಿದರು. ನಾನು ಅನುವನ್ನು ಪಕ್ಕಕ್ಕೆ ಕರೆದು, ಒಂದೇ ಒಂದು ಬೀಗ ತೆಗಿ, ಕಥೆಗೆ ಬೇಕು ಎಂದೆ.

"ಸಾರಿ ಸಾರ್. ಆ ಬೀಗಗಳ ಕೀ ಅವತ್ತೇ ಅಳಿಸಿಬಿಟ್ಟೆ."

ಬರೆದವನು ನಾನು, ನನಗೇ ಗೊತ್ತಿಲ್ಲ. ಸೀತಾ ಇನ್ನೂ ನಿಂತೇ ಇದ್ದಾಳೆ, ಒಂದೊಂದೇ ಮುಖ ನೋಡುತ್ತಾ. ಹನ್ನೆರಡು ಮಂದಿಯಲ್ಲಿ ಯಾರೇ ಆಗಿರಬಹುದು ಎಂದು ಅವಳಿಗೆ ಈಗಷ್ಟೇ ಹೊಳೆಯುತ್ತಿದೆ.