ಸಾಹೇಬನ ಎಡಗಿವಿ

ಡಾಕ್ಟರಮ್ಮ ಎಡಗಿವಿಯ ಹತ್ತಿರ ಕೈ ತಂದಿದ್ದಷ್ಟೆ, ಸಾಹೇಬ ಗುರ್ರೆಂದ. ಈವರೆಗೆ ಯಾರಿಗೂ ಹಲ್ಲು ತೋರಿಸದ ನಾಯಿ. ಮೇಜಿನ ಆ ಕಡೆ ಗಂಡ, ಈ ಕಡೆ ಹೆಂಡತಿ, ಇಬ್ಬರೂ ಅವನನ್ನು ಅದುಮಿ ಹಿಡಿದಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಸಾಹೇಬ, ನಿಮ್ಮಪ್ಪನಿಗೆ ಗಟ್ಟಿಯಾಗಿ ಹಿಡ್ಕೊಳ್ಳೋಕೆ ಹೇಳೋ," ಎಂದಳು ಹೆಂಡತಿ.

"ಹಿಡ್ಕೊಂಡೇ ಇದೀನಿ ಅಂತ ನಿಮ್ಮಮ್ಮನಿಗೆ ಹೇಳೋ," ಎಂದ ಗಂಡ.

ಡಾಕ್ಟರಮ್ಮ ಇಬ್ಬರನ್ನೂ ಒಮ್ಮೆ ನೋಡಿದರು. ಕಿವಿಯೊಳಗೆ ಬೆಳಕು ಬಿಟ್ಟು ಬಗ್ಗಿದರು.

ಈ ಮನೆಯಲ್ಲಿ ಮಾತು ನಿಂತದ್ದು ಆ ಕಿವಿಯಿಂದಲೇ. ಗಂಡ ಸ್ನಾನ ಮಾಡಿಸುವಾಗ ಜೋಲು ಕಿವಿಯೊಳಗೆ ನೀರು ಹೋಗಿ, ವಾಸನೆ ಶುರುವಾಗಿ, ಸಾಹೇಬ ತಲೆ ಒದರತೊಡಗಿದ್ದ. "ನಿಮ್ಮ ಕೈಗೆ ಕೆಲಸ ಕೊಟ್ರೆ ಇಷ್ಟೇ," ಎಂದುಬಿಟ್ಟಿದ್ದಳು ಅವಳು. ಅವನು ಗಡಿಯಾರ ರಿಪೇರಿಯವನು. ಸಾಸಿವೆಗಿಂತ ಸಣ್ಣ ತಿರುಪು ಕೂರಿಸುವ ಕೈಯನ್ನು ಹಾಗೆ ಹಳಿದರೆ ಸುಮ್ಮನಿದ್ದಾನೆಯೆ? ಸುಮ್ಮನಾಗಿಯೇ ಬಿಟ್ಟ! ಅವಳೇನು ಕಡಿಮೆಯೆ, ಅವಳೂ ಬಾಯಿಗೆ ಬೀಗ ಹಾಕಿಕೊಂಡಳು. ಅಂದಿನಿಂದ ಎಲ್ಲ ವ್ಯವಹಾರ ನಾಯಿಯ ಮೂಲಕ. "ಊಟ ಆರ್ತಾ ಇದೆ ಅಂತ ಹೇಳೋ ಸಾಹೇಬ." "ಹಸಿವಿಲ್ಲ ಅಂತ ಹೇಳೋ ಸಾಹೇಬ." ಪಾಪ, ನಾಯಿ ಕತ್ತು ಆಚೆ ಈಚೆ ತಿರುಗಿಸಿಯೇ ಸುಸ್ತಾಗುತ್ತಿದ್ದ.

ಕಿವಿ ಮಾತ್ರ ವಾಸಿಯಾಗಲೊಲ್ಲದು. ಔಷಧಿ ಬದಲಾಯಿತು, ಊಟ ಬದಲಾಯಿತು, ಮಲಗುವ ಹಾಸಿಗೆ ಬದಲಾಯಿತು. ಕೆಂಪು ಹೆಚ್ಚುತ್ತಲೇ ಹೋಯಿತು. ಅವಳಿಗೆ ಅಳು ಬರುವಷ್ಟು ಸಿಟ್ಟು. ಅವನಿಗೂ ಸಿಟ್ಟೇ, ಆದರೆ ಮಾತು ಬಿಟ್ಟವನು ಯಾರ ಮೇಲೆ ಕೂಗಾಡಬೇಕು?

ಡಾಕ್ಟರಮ್ಮ ತಲೆಯೆತ್ತಿದರು. "ಒಳಗೆಲ್ಲ ಊದ್ಕೊಂಡು ದಾರಿ ಮುಚ್ತಾ ಇದೆ. ಹೀಗೇ ಹೋದ್ರೆ ಈ ಕಿವಿ ಕೇಳಲ್ಲ, ಆಪರೇಷನ್ನೇ ಗತಿ. ಚರ್ಮ ತಿಕ್ಕಿ ತಿಕ್ಕಿ ಹುಣ್ಣಾಗಿದೆ. ಮನೇಲಿ ಕ್ಲೀನ್ ಮಾಡೋದು ಯಾರು?"

"ನಾನು," ಎಂದರು ಇಬ್ಬರೂ, ಒಟ್ಟಿಗೆ.

ಎಷ್ಟೋ ದಿನಗಳ ಮೇಲೆ ಅವರು ಒಬ್ಬರನ್ನೊಬ್ಬರು ನೋಡಿದ್ದು ಆಗಲೇ.

"ವಾರಕ್ಕೊಂದು ಸಲ ಅಂತ ಹೇಳಿದ್ದೆನಲ್ಲ?" ಎಂದರು ಡಾಕ್ಟರಮ್ಮ.

"ಇವಳು ಮುಟ್ಟಲ್ಲ ಅಂದ್ಕೊಂಡು ನಾನು ದಿನಾ ಬೆಳಿಗ್ಗೆ..." ಎಂದು ಗಂಡ ತಡವರಿಸಿದ.

"ನಾನು ದಿನಾ ಸಂಜೆ," ಎಂದಳು ಹೆಂಡತಿ. "ಇವರು ಬರೋದ್ರೊಳಗೆ."

ಬೆಳಿಗ್ಗೆ ಅವಳು ಆಸ್ಪತ್ರೆಯ ಲಾಂಡ್ರಿಗೆ ಹೊರಟ ಮೇಲೆ ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕಡ್ಡಿಗೆ ಹತ್ತಿ ಸುತ್ತಿ, ಗಡಿಯಾರದ ಹಲ್ಲು ಒರೆಸುವಂತೆ ಕಿವಿಯ ಮಡಿಕೆ ಮಡಿಕೆಯನ್ನೂ ಒರೆಸುತ್ತಿದ್ದ. ಸಂಜೆ ಅವಳು ಬಂದು, ರೋಗಿಗಳ ಹಾಸಿಗೆಯ ಕಲೆಯನ್ನೇ ಬಿಡದವಳು, ಕೆಂಪು ಕಂಡಲ್ಲೆಲ್ಲ ಇನ್ನೂ ಕೊಳೆಯಿದೆಯೆಂದು ಒದ್ದೆ ಬಟ್ಟೆ ಹಾಕಿ ತಿಕ್ಕುತ್ತಿದ್ದಳು. ಇಬ್ಬರಿಗೂ ಸಾಹೇಬ ಬಾಲ ಮಡಿಚಿಕೊಂಡು ಕಿವಿ ಒಡ್ಡಿದ್ದ.

"ಕಿವಿ ಏನು ಪಾತ್ರೆನಾ, ಸರದಿ ಮೇಲೆ ಉಜ್ಜೋಕೆ?" ಡಾಕ್ಟರಮ್ಮನಿಗೆ ರೇಗಿಹೋಯಿತು. "ಮನೇಲಿ ನೀವಿಬ್ರೂ ಮಾತಾಡಲ್ವಾ?"

ಗಂಡ ಹೆಂಡತಿ ಇಬ್ಬರೂ ಸಾಹೇಬನ ಮುಖ ನೋಡಿದರು.

ಡಾಕ್ಟರಮ್ಮ ಕಿವಿಯೊಳಗೆ ಔಷಧಿ ಬಿಟ್ಟರು. "ಮದ್ದು ನಾನೇ ತುಂಬಿದೀನಿ. ಕಿವಿ ಉಳಿದರೆ ಇದರಿಂದ ಉಳೀಬೇಕು. ನಾನು ಹೇಳೋ ತನಕ ಈ ಕಿವಿಗೆ ನಿಮ್ಮ ಕೈ ತಾಗಕೂಡದು. ಇಬ್ಬರದ್ದೂ."

ಮನೆಗೆ ಬಂದವನೇ ಸಾಹೇಬ ಮಂಚದ ಕೆಳಗೆ ನುಗ್ಗಿದ. ಅವಳು ಹೆಸರು ಹಿಡಿದು ಕರೆದಳು, ಬರಲಿಲ್ಲ. ಅವನು ಚಿಟಿಕೆ ಹೊಡೆದ, ಬರಲಿಲ್ಲ. ಅವಳು ಹತ್ತಿಯ ಸುರುಳಿಯನ್ನೂ ಕಿವಿ ತೊಳೆಯುವ ಮದ್ದಿನ ಬಾಟಲಿಯನ್ನೂ ಅಟ್ಟದ ಮೇಲೆ ಎಸೆದು ಬಂದು ನೆಲದ ಮೇಲೆ ಕುಳಿತಳು. ಸ್ವಲ್ಪ ಹೊತ್ತಿಗೆ ಅವನೂ ಕುಳಿತ, ಒಂದು ಮಾರು ದೂರದಲ್ಲಿ.

ದೀಪ ಹಚ್ಚುವ ಹೊತ್ತಿಗೆ ಸಾಹೇಬ ತೆವಳಿಕೊಂಡು ಹೊರಬಂದ. ಇಬ್ಬರ ಕೈಗಳನ್ನೂ ಮೂಸಿ ನೋಡಿದ. ಯಾರ ಕೈಗೂ ಎಟುಕದಂತೆ ನಡುವೆ ಮಲಗಿದ. ಮರುಕ್ಷಣವೇ ತಲೆ ಒದರಿದ, ಪಟಪಟ ಪಟಪಟ. ಇಬ್ಬರ ಕೈಗಳೂ ಒಟ್ಟಿಗೆ ಮುಂದೆ ಹೋದವು.

"ಬೇಡ ಕಣೇ," ಎಂದ ಅವನು. ನಾಯಿಗಲ್ಲ, ಅವಳಿಗೆ.

"ನೀವೂ ತೆಗೀರಿ," ಎಂದಳು ಅವಳು.

ಇಬ್ಬರೂ ಕೈ ಹಿಂದಕ್ಕೆಳೆದು ತಮ್ಮ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಸಾಹೇಬ ಆಚೆ ಈಚೆ ಕತ್ತು ತಿರುಗಿಸಲಿಲ್ಲ. ಒಳ್ಳೆಯ ಕಿವಿಯನ್ನು ನೆಲಕ್ಕೊತ್ತಿ, ನೋಯುವ ಕಿವಿಯನ್ನು ಮೇಲೆ ಬಿಟ್ಟುಕೊಂಡು, ಕಣ್ಣು ಮುಚ್ಚಿದ.