ಖಾಲಿ ಡಬ್ಬಿ ವಾಪಸ್ ಕಳಸಬಾರದು

ದಾನ ಮಾಡೋದು ಭಾಳ ಸಸಾರ ಅಂತ ಯಾರರ ಅಂದ್ರ ಅವರನ್ನ ನನ್ನ ಹತ್ರ ಕಳಸ್ರಿ. ಕುಷ್ಟಗ್ಯಾಗ ಶಿವಲಿಂಗಮ್ಮನ ಮನಿ ಅಂದ್ರ ಯಾರು ಬೇಕಾದ್ರೂ ತೋರಸ್ತಾರ. ನಮ್ಮ ಓಣಿ ಹೆಣ್ಮಕ್ಕಳದ್ದು ಒಂದು ಬಳಗ ಐತಿ. ನಾನು, ಬಳಿ ಅಂಗಡಿ ರಜಿಯಾಬೇಗಂ, ಅಂಗನವಾಡಿ ಅನ್ನಪೂರ್ಣ, ಇನ್ನೂ ನಾಕೈದು ಮಂದಿ. ಎಲ್ಲಾರೂ ಕೈಲಾದಷ್ಟು ಕೂಡಿ ಹಾಕಿ ಏನರ ಒಂದು ಛಲೋ ಕೆಲಸಕ್ಕ ಕೊಡ್ತೀವಿ. ನವಲಿ ಸಾಲಿ ಹುಡುಗರಿಗೆ ತಾಟು ಕೊಟ್ವಿ. ದೇವರ ದರ್ಶನಕ್ಕ ಹನುಮನಹಳ್ಳಿಗೆ ನಡಕೊಂಡು ಹೋಗೋ ಮಂದಿಗೆ ಮಜ್ಜಿಗಿ ಕೊಟ್ವಿ. ಅವರು ಕುಡದ್ರು, ಬಾಯಿ ಒರಸಿಕೊಂಡು ತಮ್ಮ ದಾರಿ ಹಿಡದ್ರು. ದಾನ ಅಂದ್ರ ಹಂಗಿರಬೇಕು.

ಈ ವರ್ಷ ಬೇವೂರಿನ ಹತ್ರ ಹುಲಗಮ್ಮ ಅನ್ನಾಕಿ ನಡಸೋ ಆಸರೆ ಮನಿ ಹಿಡದ್ವಿ. ಯಾರೂ ದಿಕ್ಕಿಲ್ಲದ ಮುದುಕ್ಯಾರು ಅಲ್ಲಿ ಅದಾರ. ಅವರು ಹೊಟ್ಟಿ ತುಂಬ ಉಣ್ಣಬೇಕು, ನಮಗ ಅಷ್ಟ ಬೇಕಾಗಿತ್ತು. ಸೋಮವಾರಕ್ಕೊಮ್ಮೆ ರೊಟ್ಟಿ, ಪುಂಡಿಪಲ್ಯ, ಝುಣಕ ಮಾಡಿ ಡಬ್ಬಿಗೆ ತುಂಬಿ ನಮ್ಮ ಓಣಿ ಶಬ್ಬೀರನ ಟಂಟಂ ಗಾಡ್ಯಾಗ ಕಳಿಸಾಕ ಹತ್ತಿದ್ವಿ.

ಮೊದಲನೇ ವಾರ ಡಬ್ಬಿ ವಾಪಸ್ ಬಂದ್ವು. ಮುಚ್ಚಳ ತಗದ್ರ ಒಳಗ ಸಕ್ಕರಿ.

“ಪಾಪ, ರೀತಿ ಗೊತ್ತಿದ್ದಾಕಿ,” ಅಂದ್ಲು ರಜಿಯಾಬೇಗಂ.

ಹೌದಲ್ಲ ಮತ್ತ. ಯಾರ ಮನಿ ಡಬ್ಬಿನೂ ಖಾಲಿ ವಾಪಸ್ ಕಳಸಬಾರದು, ಒಂದು ಚಿಟಿಕಿ ಸಕ್ಕರಿನರ ಹಾಕಿ ಕೊಡಬೇಕು. ನಮ್ಮ ಮಗ್ಗಲ ಮನಿಯಾಕಿ ಒಮ್ಮೆ ನನ್ನ ಬಟ್ಟಲ ಖಾಲಿ ಕಳಿಸಿದ್ಲು, ಆಕಿ ಜೋಡಿ ನಾ ಇವತ್ತಿಗೂ ಮಾತಾಡೂದಿಲ್ಲ. ಮುಂದೂ ಮಾತಾಡೂದಿಲ್ಲ.

ಆದ್ರ ಇದು ಚಿಟಿಕಿ ಅಲ್ರಿ, ಡಬ್ಬಿ ತುಂಬ ಸಕ್ಕರಿ! ನಮಗ ನಾಚಿಕಿ ಆತು. ಮುದುಕ್ಯಾರ ಸಕ್ಕರಿ ನಾವು ಚಾಕ್ಕ ಹಾಕ್ಕೊಂಡು ಕುಡಿಯೂದೇನು? ಅದಕ್ಕ ಮುಂದಿನ ವಾರ ದೊಡ್ಡ ಡಬ್ಬಿ ತಗೊಂಡು ಹೆಚ್ಚಿಗಿ ತುಂಬಿ ಕಳಿಸಿದ್ವಿ. ಆ ದೊಡ್ಡ ಡಬ್ಬಿ ತುಂಬ ತೊಗರಿಬ್ಯಾಳಿ ಬಂತು. ಇನ್ನೂ ನಾಚಿಕಿ ಆತು. ಬೋಗಾಣಿ ಕಳಿಸಿದ್ವಿ, ಬೋಗಾಣಿ ತುಂಬ ಶೇಂಗಾ ಬಂತು. ಡಬ್ಬಿ ಸವಾಸನ ಬ್ಯಾಡ ಅಂತ ಅನ್ನಪೂರ್ಣ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಕಳಿಸಿದ್ಲು. ಹುಲಗಮ್ಮ ಆ ಚೀಲ ತೊಳದು, ಒಣಗಿಸಿ, ಗುರೆಳ್ಳ ಚಟ್ನಿ ತುಂಬಿ ಕಳಿಸಿದ್ಲು. ನಮ್ಮ ಓಣ್ಯಾಗ ಯಾರೂ ಬ್ಯಾಳಿ ಕೊಳ್ಳೂದ ಬಿಟ್ಟುಬಿಟ್ರು. ದಾನ ಕೊಟ್ಟು ಕೊಟ್ಟು ನಾವು ಮೈ ತುಂಬಿಕೊಂಡ್ವಿ.

ನಾನು ಸಿಟ್ಟಿಲೆ ಹುಲಗಮ್ಮಗ ಫೋನ್ ಹಚ್ಚಿದೆ. “ಏನವಾ, ನಿನಗ ತಲಿ ಐತಿಲ್ಲೋ? ಅದನ್ನ ಆ ಮುದುಕ್ಯಾರಿಗೆ ಉಣ್ಣಾಕ ಹಾಕು. ಡಬ್ಬಿ ಖಾಲಿ ಕಳಸು!”

“ಹಂಗ ಹ್ಯಾಂಗ ಕಳಸಲ್ರಿ ಅಕ್ಕಾರ? ನಿಮ್ಮ ಮನಿಗೆ ಬಂದ ಡಬ್ಬಿ ನೀವು ಖಾಲಿ ಕಳಸ್ತೀರೇನು? ನಾವೇನು ಮನುಷ್ಯಾರಲ್ಲೇನ್ರಿ?”

ಹಲ್ಲು ಕಡದು ಫೋನ್ ಇಟ್ಟೆ.

“ತುಂಬಾಕ ಆಗಲಾರದಂಥದ್ದು ಕಳಸೂಣು,” ಅಂದ್ಲು ಅನ್ನಪೂರ್ಣ. “ಆಗ ಏನು ಮಾಡ್ತಾಳ ನೋಡೂಣು.”

ಮದುವಿ ಅಡಗಿ ಮಾಡೋ ಗುರುಬಸವನ ಹತ್ರ ಅನ್ನ ಬೇಯಿಸೋ ಕೊಪ್ಪರಿಗಿ ಇತ್ತು. ನಾಕು ಮಂದಿ ಹಿಡದ್ರ ಮ್ಯಾಲ ಏಳತೈತಿ, ಅಂಥದ್ದು. ಅದನ್ನ ಇಸಕೊಂಡು, ಒಳಗ ಜ್ವಾಳ, ಅಕ್ಕಿ, ಬ್ಯಾಳಿ ಚೀಲ ಇಟ್ಟು ಟಂಟಂಗೆ ಏರಿಸಿದ್ವಿ. ಗೆದ್ವಿ ಅಂತ ಎಲ್ಲಾರೂ ಕುಂತು ಚಾ ಕುಡದ್ವಿ, ಅವರದ ಸಕ್ಕರಿ ಹಾಕ್ಕೊಂಡು.

ಕೊಪ್ಪರಿಗಿ ಬರಲೇ ಇಲ್ಲ. ಗುರುಬಸವ ದಿನಾ ಬಂದು ಬಾಗಲದಾಗ ನಿಂದ್ರಾಕ ಹತ್ತಿದ. ಕಡೀಕ ನಾವ ಟಂಟಂ ಹತ್ತಿ ಬೇವೂರಿಗೆ ಹೋದ್ವಿ.

ಹೋಗಿ ನೋಡಿದ್ರ ಮುದುಕ್ಯಾರ ಮಾರಿ ಒಣಗಿ ಹೋಗಿದ್ವು. ನಾವು ಕಳಿಸಿದ ಚೀಲ ಮೂಲ್ಯಾಗ ಹಂಗ ಇದ್ವು, ಕಟ್ಟಿದ ಗಂಟು ಬಿಚ್ಚಿರಲಿಲ್ಲ.

“ಯಾಕ ಉಂಡಿಲ್ಲ? ಏನು ರೋಗ ನಿಮಗ?” ಅಂತ ಒದರಿದೆ.

“ಕೊಪ್ಪರಿಗಿ ತುಂಬಿ ಕೊಡದ ಹ್ಯಾಂಗ ಉಣ್ಣೂದ್ರಿ?” ಅಂದ್ಲು ಹುಲಗಮ್ಮ. “ಗಂಜಿ ಕುಡದು ಅದೀವಿ. ನಮ್ಮದು ಅಂತ ಏನೂ ಉಳದಿಲ್ಲ. ನಿಮ್ಮ ಜ್ವಾಳ ನಿಮಗ ಹಾಕಿ ಕೊಟ್ರ ಅದು ಕೊಟ್ಟಂಗ ಆಗೂದಿಲ್ಲ. ಭಾಳ ವಿಚಾರ ಮಾಡಿದ್ವಿ. ಇವತ್ತ ತುಂಬೇವಿ, ಒಯ್ರಿ.”

ಅಂಗಳದಾಗ ಕೊಪ್ಪರಿಗಿ ಇತ್ತು. ಅದರೊಳಗ ಒಬ್ಬಾಕಿ ಮುದುಕಿ ಕೌದಿ ಹೊತಗೊಂಡು ಕುಂತಿದ್ಲು. ಹೆಸರು ಹಜರತಬೀ. ಅಲ್ಲಿದ್ದೋರೊಳಗ ಆಕಿನ ಗಿಡ್ಡಾಕಿ, ಅದಕ್ಕ ಸರಿಯಾಗಿ ಹಿಡದಿದ್ಲು.

“ಸಲಾಂ ಯವ್ವಾ,” ಅಂದ್ಲು ಒಳಗಿಂದ. “ಮಗ್ಗಲಾಗ ಸ್ವಲ್ಪ ಜಾಗ ಖಾಲಿ ಇತ್ತು, ಕೌದಿ ತುರಕೇವಿ.”

“ಮನುಷ್ಯಾರನ್ನ ಡಬ್ಬ್ಯಾಗ ಹಾಕಿ ಕೊಡ್ತಾರೇನ ಹುಚ್ಚಿ?” ಅಂತ ನಾ ಹುಲಗಮ್ಮನ ಮ್ಯಾಲ ಹರಿಹಾಯ್ದೆ.

“ಆಕಿನ ಹೋಗ್ತೀನಿ ಅಂದ್ಲು. ನಮ್ಮ ಹತ್ರ ಇರೋದು ಇವರ ಅಲ್ರಿ ಅಕ್ಕಾರ. ಅದ್ರಾಗ ಛಲೋದನ್ನ ನೋಡಿ ಕೊಡಾಕ ಹತ್ತೇವಿ.”

ನಾವು ಕೊಪ್ಪರಿಗಿ ಒಯ್ಯೂತನಕ ಚೀಲದ ಗಂಟು ಬಿಚ್ಚೂದಿಲ್ಲ ಅಂತ ಖಡಾಖಂಡಿತ ಹೇಳಿಬಿಟ್ಲು. ಉಳದ ಮುದುಕ್ಯಾರು ಚೀಲ ಒಮ್ಮೆ ನೋಡ್ತಿದ್ರು, ನಮ್ಮನ್ನ ಒಮ್ಮೆ ನೋಡ್ತಿದ್ರು. ನಾವು ಒಬ್ಬರ ಮಾರಿ ಒಬ್ಬರು ನೋಡಿದ್ವಿ.

ಅನ್ನಪೂರ್ಣನ ಮಗಳು ಬಾಣಂತನಕ್ಕ ಬಂದಾಳಂತ. ರಜಿಯಾಬೇಗಂಗೆ ಇರೋದ ಎರಡು ಖೋಲಿ. “ನಿಮ್ಮ ಮಂದಿ ಅಲ್ಲೇನ, ನೀವ ಒಯ್ರಿ,” ಅಂತ ಅನ್ನಪೂರ್ಣ ಆಕಿಗೆ ಅಂದ್ಲು. “ಈಕಿನ್ನ ನಾ ನೋಡಿದ್ದ ಇವತ್ತ. ನನ್ನ ಮಂದಿ ನೀವಲ್ಲೇನು?” ಅಂತ ರಜಿಯಾಬೇಗಂ ಕಣ್ಣಾಗ ನೀರು ತಂದ್ಲು. ಇನ್ನೊಬ್ಬಾಕಿ ಮನ್ಯಾಗ ನಾಯಿ ಕಚ್ಚತೈತಂತ. ಒಬ್ಬೊಬ್ಬರ ಮಾತಿಗೂ ಹಜರತಬೀ ಕೊಪ್ಪರಿಗ್ಯಾಗ ಕುಂತು, “ಹೌದ್ರಿ, ನಿಮಗ ತ್ರಾಸ ಆಕ್ಕೈತಿ,” ಅಂತ ಗೋಣು ಹಾಕ್ತಿದ್ಲು.

ಆಕಿ ಗೋಣು ಹಾಕೋದು ನನಗ ನೋಡಾಕ ಆಗಲಿಲ್ಲ.

“ಶಬ್ಬೀರಾ, ಏರಿಸೋ ಕೊಪ್ಪರಿಗಿ! ನಮ್ಮ ಮನಿಗೆ ನಡಿ,” ಅಂದೆ. ಹುಲಗಮ್ಮ ಅಲ್ಲೇ ಕುಂತು ಜ್ವಾಳದ ಚೀಲದ ಗಂಟು ಬಿಚ್ಚಾಕ ಹತ್ತಿದ್ಲು.

ಕುಷ್ಟಗಿ ಪ್ಯಾಟ್ಯಾಗ ಮಂದಿ ಯಾವುದೋ ದೇವರು ಬಂತು ಅಂತ ತಿಳದು ಕೈ ಮುಗದ್ರು. ಹಜರತಬೀ ಎಲ್ಲಾರಿಗೂ ಸಲಾಂ ಹೊಡದ್ಲು. ಬಾಗಲದಾಗ ನಿಂತಿದ್ದ ನಮ್ಮ ಮನಿಯವರು, “ಇದೇನ ತಂದಿ?” ಅಂದ್ರು.

“ಕೊಪ್ಪರಿಗಿ ವಾಪಸ್ ಬಂತು,” ಅಂದೆ. ನನ್ನ ಮಾರಿ ನೋಡಿ ಕೊಪ್ಪರಿಗಿಗೆ ಕೈ ಹಚ್ಚಾಕ ಬಂದ್ರು.

ಆಕಿನ್ನ ಇಳಿಸಿ, ಒಲಿ ಹತ್ರ ಕುಂದ್ರಿಸಿ, ಬಿಸಿ ರೊಟ್ಟಿ ಬಡದು ಹಾಕಿದೆ. ಗಪಗಪ ಉಂಡ್ಲು. ಹಾಕಿದಂಗ ಖಾಲಿ ಆಗಾಕ ಹತ್ತಿದ್ವು. ನನಗ ಸಂಶೆ ಬಂತು.

“ಅಲ್ಲಮ್ಮಾ, ನಾವು ಸೋಮವಾರ ಸೋಮವಾರ ಕಳಿಸಿದ್ದು ನೀವು ಉಂಡಿಲ್ಲೇನು?”

“ಉಂಡೀವಿ ಯವ್ವಾ, ಸೋಮವಾರ ಜೋರ ಉಂಡೀವಿ. ಉಳದ ದಿನ ಒಂದ ಹೊತ್ತು. ನಿಮ್ಮ ಡಬ್ಬಿ ತುಂಬಬೇಕಿತ್ತಲ್ಲ.”

ಬಡಿಯೂ ರೊಟ್ಟಿ ಕೈಯಾಗ ಹರೀತು. “ಮತ್ತ ನಾವು ಬರೂಕಿಂತ ಮೊದಲ?”

“ಆಗ ದಿನಾ ಎರಡೂ ಹೊತ್ತು ಉಣ್ತಿದ್ವಿ,” ಅಂದ್ಲು ಹಜರತಬೀ.

ನನಗ ಅಳು ತಡೀಲಿಲ್ಲ. ಆಕಿ ನನ್ನ ಬೆನ್ನ ಮ್ಯಾಲ ಕೈ ಇಟ್ಲು.

“ಮನಸಿಗೆ ಹಚಗೋಬ್ಯಾಡ ಯವ್ವಾ,” ಅಂದ್ಲು. “ಇನ್ನೊಂದು ರೊಟ್ಟಿ ಐತೇನು?”